ಮುಖ್ಯಸ್ಥರಿಗೆ 3 ವರ್ಷ, ಬೀಜಕ್ಕೆ 10 ವರ್ಷ: ಸಿಜಿಐಎಆರ್ ಕುರ್ಚಿ ಬದಲಾದರೆ ನಮಗೇನು?

2025ರ ಬೇಸಿಗೆಯಲ್ಲಿ ಎರಡು ಕುರ್ಚಿಗಳು ಹೆಚ್ಚುಕಡಿಮೆ ಅದಲುಬದಲಾದವು. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು, ಅಂದರೆ ಐಸಿಎಆರ್‌ನ ಮಹಾನಿರ್ದೇಶಕರಾಗಿದ್ದ ಹಿಮಾಂಶು ಪಾಠಕ್ ಅವರು ಹೈದರಾಬಾದ್ ಪಕ್ಕದ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್‌ನ ಮುಖ್ಯಸ್ಥರಾಗಿ ಹೋದರು. ಅವರು ಬಿಟ್ಟ ಐಸಿಎಆರ್ ಕುರ್ಚಿಗೆ ಬಂದವರು ಎಂ.ಎಲ್. ಜಾಟ್. ಅವರು ಅಲ್ಲಿಯವರೆಗೆ ಕೆಲಸ ಮಾಡುತ್ತಿದ್ದದ್ದು ಎಲ್ಲಿ ಗೊತ್ತಾ? ಅದೇ ಇಕ್ರಿಸ್ಯಾಟ್‌ನಲ್ಲಿ.

ನನ್ನ ಟೈಮ್‌ಲೈನ್‌ನಲ್ಲಂತೂ ಇದರ ಬಗ್ಗೆ ಒಂದು ಮೀಮ್ ಕೂಡ ಬರಲಿಲ್ಲ. ಆರ್‌ಬಿಐ ಗವರ್ನರ್ ಬದಲಾದರೆ ನಾವು ವಾರಗಟ್ಟಲೆ ಚರ್ಚೆ ಮಾಡುತ್ತೇವೆ. ಇಸ್ರೋ ಅಧ್ಯಕ್ಷರು ಯಾರು ಅಂತ ಕ್ವಿಜ್ ಹುಡುಗರಿಗೆಲ್ಲ ಗೊತ್ತು. ನಮ್ಮ ತಟ್ಟೆಯ ತೊಗರಿ, ಕಡಲೆ, ಜೋಳ, ಶೇಂಗಾದ ಮುಂದಿನ ತಳಿ ಹೇಗಿರಬೇಕು ಎಂದು ತೀರ್ಮಾನಿಸುವವರ ಹೆಸರು ಮಾತ್ರ ಯಾರಿಗೂ ಬೇಡ.

ಇಕ್ರಿಸ್ಯಾಟ್ ಒಂಟಿ ಸಂಸ್ಥೆಯಲ್ಲ. ಅದು ಸಿಜಿಐಎಆರ್ ಎಂಬ ಜಾಗತಿಕ ಕೃಷಿ ಸಂಶೋಧನಾ ಒಕ್ಕೂಟದ ಕುಟುಂಬಕ್ಕೆ ಸೇರಿದ್ದು. ಆ ಒಕ್ಕೂಟದ ಮೇಲಿನ ಕುರ್ಚಿಯಲ್ಲಿ ಕೂರುವವರು 2011ರಿಂದೀಚೆಗೆ ಎಷ್ಟು ಸಲ ಬದಲಾದರು ಎಂಬ ಲೆಕ್ಕ ನೋಡಿದರೆ ಸ್ವಲ್ಪ ಗಾಬರಿಯಾಗುತ್ತದೆ. ಆ ಲೆಕ್ಕಕ್ಕೂ ಕಲಬುರಗಿಯ ತೊಗರಿ ಹೊಲಕ್ಕೂ ಇರುವ ಸಂಬಂಧವೇ ಈ ಲೇಖನ.

ಇದ್ಯಾವುದಪ್ಪ ಸಿಜಿಐಎಆರ್?

1960ರಲ್ಲಿ ಫೋರ್ಡ್ ಮತ್ತು ರಾಕ್‌ಫೆಲ್ಲರ್ ಪ್ರತಿಷ್ಠಾನಗಳು ಸೇರಿ ಫಿಲಿಪ್ಪೀನ್ಸ್‌ನಲ್ಲಿ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇರ್ರಿಯನ್ನು ಶುರುಮಾಡಿದವು. 1966ರಲ್ಲಿ ಮೆಕ್ಸಿಕೊದಲ್ಲಿ ಗೋಧಿ ಮತ್ತು ಮೆಕ್ಕೆಜೋಳಕ್ಕಾಗಿ ಸಿಮ್ಮಿಟ್ ಬಂತು. ಇರ್ರಿಯ ಐಆರ್8 ಭತ್ತ, ನಾರ್ಮನ್ ಬೋರ್ಲಾಗ್ ಅವರ ಗಿಡ್ಡ ಗೋಧಿ ನಮಗೆ ಶಾಲೆಯ ಪಾಠದಿಂದಲೇ ಗೊತ್ತು. 1966ರಲ್ಲಿ ಭಾರತ ಮೆಕ್ಸಿಕೊದಿಂದ 18 ಸಾವಿರ ಟನ್ ಗೋಧಿ ಬೀಜ ತರಿಸಿಕೊಂಡಿತು. 1970ರಲ್ಲಿ ಬೋರ್ಲಾಗ್‌ಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಗಮನಿಸಿ, ಸಿಕ್ಕಿದ್ದು ಶಾಂತಿಯ ನೊಬೆಲ್. ಅದು ಶೀತಲ ಸಮರದ ಕಾಲ. ಹಸಿದ ಏಷ್ಯಾ ಕೆಂಪು ಬಾವುಟ ಹಿಡಿಯುತ್ತದೆ ಎಂಬ ಭಯ ಅಮೆರಿಕಕ್ಕಿತ್ತು. ಹಾಗಾಗಿ ಹೊಟ್ಟೆ ತುಂಬಿಸುವ ಈ ಕೆಲಸದ ಹಿಂದೆ ರಾಜಕೀಯ ಮೊದಲಿನಿಂದಲೂ ಇತ್ತು.

ಇಂಥ ಕೇಂದ್ರಗಳು ಹೆಚ್ಚಾದ ಹಾಗೆ ಎರಡು ಪ್ರತಿಷ್ಠಾನಗಳಿಗೆ ಖರ್ಚು ತೂಗಿಸುವುದು ಕಷ್ಟವಾಯಿತು. 1971ರ ಮೇ ತಿಂಗಳಲ್ಲಿ ವಿಶ್ವಬ್ಯಾಂಕ್, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಾದ ಎಫ್‌ಎಒ, ಅಭಿವೃದ್ಧಿ ಕಾರ್ಯಕ್ರಮವಾದ ಯುಎನ್‌ಡಿಪಿ ಮತ್ತು ಒಂದಷ್ಟು ದಾನಿ ದೇಶಗಳು ಸೇರಿ ಸಿಜಿಐಎಆರ್ ಕಟ್ಟಿದವು. ಮುಂದಿನ ವರ್ಷವೇ ಒಣಭೂಮಿ ಬೆಳೆಗಳಿಗಾಗಿ ಇಕ್ರಿಸ್ಯಾಟ್ ಹುಟ್ಟಿತು. ಇಂದು ಆಲೂಗಡ್ಡೆಗೆ ಪೆರುವಿನಲ್ಲಿ, ನೀರಿನ ನಿರ್ವಹಣೆಗೆ ಶ್ರೀಲಂಕಾದಲ್ಲಿ, ಜಾನುವಾರುಗಳಿಗೆ ಕೀನ್ಯಾದಲ್ಲಿ, ಹೀಗೆ ಹನ್ನೆರಡಕ್ಕೂ ಹೆಚ್ಚು ಕೇಂದ್ರಗಳಿವೆ.

ಇದರ ವಿನ್ಯಾಸವೇ ವಿಚಿತ್ರ. ಆರಂಭದ ಸಿಜಿಐಎಆರ್‌ಗೆ ಕಾನೂನಿನ ದೃಷ್ಟಿಯಲ್ಲಿ ಅಸ್ತಿತ್ವವೇ ಇರಲಿಲ್ಲ. ಅದೊಂದು ಅನೌಪಚಾರಿಕ ಕೂಟ. ದುಡ್ಡು ಕೊಡುವವರು ವರ್ಷಕ್ಕೆ ಕೆಲವು ಸಲ ಸೇರುತ್ತಿದ್ದರು, ಮತ ಹಾಕದೆ ಒಮ್ಮತಕ್ಕೆ ಬರುತ್ತಿದ್ದರು, ಯಾವ ಕೇಂದ್ರಕ್ಕೆ ಎಷ್ಟು ಅಂತ ತಾವೇ ಹೇಳುತ್ತಿದ್ದರು. ಪ್ರತಿ ಕೇಂದ್ರಕ್ಕೂ ತನ್ನದೇ ಆಡಳಿತ ಮಂಡಳಿ, ತನ್ನದೇ ಮಹಾನಿರ್ದೇಶಕರು. ನಮ್ಮ ಊರಿನ ಭಾಷೆಯಲ್ಲಿ ಹೇಳುವುದಾದರೆ ಇದೊಂದು ಕೂಡು ಕುಟುಂಬ. ಅಡುಗೆಮನೆ ಬೇರೆಬೇರೆ, ದಿನಸಿ ತಂದುಹಾಕುವವರು ಮಾತ್ರ ಹೊರಗಿನವರು.

ಯಜಮಾನ ಯಾರು?

ಈ ಕೂಟದ ಅಧ್ಯಕ್ಷತೆ ದಶಕಗಳ ಕಾಲ ವಿಶ್ವಬ್ಯಾಂಕಿನ ಹಿರಿಯ ಅಧಿಕಾರಿಯದ್ದೇ ಆಗಿತ್ತು. ಚುನಾವಣೆ ಇಲ್ಲ, ಸಂದರ್ಶನ ಇಲ್ಲ. ಬ್ಯಾಂಕಿನ ಉಪಾಧ್ಯಕ್ಷರೊಬ್ಬರಿಗೆ ಇದೂ ಒಂದು ಹೆಚ್ಚುವರಿ ಜವಾಬ್ದಾರಿ. ಇದು ನಮಗೆ ಸರಿ ಅನ್ನಿಸದಿರಬಹುದು. ಅನ್ನಿಸಬಾರದು ಕೂಡ. ಆದರೂ ಆ ಕುರ್ಚಿಯಲ್ಲಿ ಯಾರಿದ್ದಾರೆ ಎಂಬುದು ಎಷ್ಟು ಮುಖ್ಯ ಎನ್ನುವುದಕ್ಕೆ 1994ರ ಕಥೆಯೊಂದು ಸಾಕು.

ಆ ವರ್ಷ ಈಜಿಪ್ಟಿನ ಇಸ್ಮಾಯಿಲ್ ಸೆರಾಗೆಲ್ಡಿನ್ ಅಧ್ಯಕ್ಷರಾದರು. ಸಿಜಿಐಎಆರ್ ಆಗ ಹಣದ ಮುಗ್ಗಟ್ಟಿನಲ್ಲಿತ್ತು. ಇನ್ನೊಂದು ಕಡೆ ಜೀವವೈವಿಧ್ಯ ಒಪ್ಪಂದ ಜಾರಿಗೆ ಬಂದಿತ್ತು, ಬೀಜಗಳ ಪೇಟೆಂಟ್ ಬಗ್ಗೆ ಜಗಳ ಜೋರಾಗಿತ್ತು. ಕೇಂದ್ರಗಳ ಜೀನ್ ಬ್ಯಾಂಕ್‌ಗಳಲ್ಲಿದ್ದ ಲಕ್ಷಾಂತರ ಬೀಜದ ಮಾದರಿಗಳು ಯಾರ ಆಸ್ತಿ? ಕೊಟ್ಟ ರೈತರದ್ದಾ, ಸಂಗ್ರಹಿಸಿದ ದೇಶದ್ದಾ, ಇಟ್ಟುಕೊಂಡ ಕೇಂದ್ರದ್ದಾ, ದುಡ್ಡು ಹಾಕಿದ ವಿಶ್ವಬ್ಯಾಂಕಿನದ್ದಾ? ವಿಶ್ವಬ್ಯಾಂಕ್ ಈ ಸಂಗ್ರಹವನ್ನು ಕೈವಶ ಮಾಡಿಕೊಳ್ಳುತ್ತದೆ ಎಂಬ ಅನುಮಾನವನ್ನು ಹೋರಾಟಗಾರರು ಬಹಿರಂಗವಾಗಿಯೇ ಎತ್ತಿದರು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರಗಳು ಎಫ್‌ಎಒ ಜೊತೆ ಒಪ್ಪಂದ ಮಾಡಿಕೊಂಡವು. ಒಪ್ಪಂದದ ತಿರುಳು ಇಷ್ಟು: ಈ ಬೀಜಗಳು ನಮ್ಮವಲ್ಲ, ಇಡೀ ಮನುಕುಲದ ಪರವಾಗಿ ನಾವು ಟ್ರಸ್ಟಿಗಳಾಗಿ ಕಾಯುತ್ತೇವೆ, ಇವುಗಳ ಮೇಲೆ ನಾವು ಹಕ್ಕು ಕೇಳುವುದಿಲ್ಲ. 2006ರಲ್ಲಿ ಇದೇ ಸಂಗ್ರಹಗಳು ಸಸ್ಯ ತಳಿ ಸಂಪನ್ಮೂಲಗಳ ಅಂತರರಾಷ್ಟ್ರೀಯ ಒಡಂಬಡಿಕೆಯ ಕೆಳಗೆ ಬಂದವು. ಇಂದು ಸಿಜಿಐಎಆರ್ ಜೀನ್ ಬ್ಯಾಂಕ್‌ಗಳಲ್ಲಿ 7 ಲಕ್ಷಕ್ಕೂ ಹೆಚ್ಚು ಮಾದರಿಗಳಿವೆ. ಪಟಾನ್‌ಚೆರುವಿನ ಇಕ್ರಿಸ್ಯಾಟ್ ಒಂದರಲ್ಲೇ ಜೋಳ, ಸಜ್ಜೆ, ರಾಗಿ, ಕಡಲೆ, ತೊಗರಿ, ಶೇಂಗಾ ಮತ್ತು ಕಿರುಧಾನ್ಯಗಳ 1.2 ಲಕ್ಷಕ್ಕೂ ಹೆಚ್ಚು ಮಾದರಿಗಳಿವೆ. ಒಡಂಬಡಿಕೆಯ ಷರತ್ತಿನ ಮೇಲೆ ಯಾವ ದೇಶದ ತಳಿ ವಿಜ್ಞಾನಿಯೂ ಕೇಳಿ ಪಡೆಯಬಹುದು, ಆದರೆ ಪಡೆದ ಬೀಜವನ್ನು ಹಾಗೇ ತನ್ನದು ಅಂತ ಪೇಟೆಂಟ್ ಮಾಡಿಕೊಳ್ಳುವಂತಿಲ್ಲ.

ಇದು ಸಣ್ಣ ವಿಷಯವಲ್ಲ. ಸಿರಿಯಾದ ಅಲೆಪ್ಪೊ ಬಳಿ ಇದ್ದ ಇಕಾರ್ಡಾ ಕೇಂದ್ರ ಅಂತರ್ಯುದ್ಧದಲ್ಲಿ ಕೈತಪ್ಪಿತು. ಅಷ್ಟರೊಳಗೆ ಅಲ್ಲಿನ ವಿಜ್ಞಾನಿಗಳು ಗೋಧಿ, ಬಾರ್ಲಿ, ಬೇಳೆಕಾಳುಗಳ ನಕಲು ಮಾದರಿಗಳನ್ನು ನಾರ್ವೆಯ ಸ್ವಾಲ್‌ಬಾರ್ಡ್ ಹಿಮದಡಿಯ ಬೀಜದ ಉಗ್ರಾಣಕ್ಕೆ ಕಳಿಸಿಟ್ಟಿದ್ದರು. 2015ರಲ್ಲಿ ಆ ಉಗ್ರಾಣದಿಂದ ಮೊತ್ತಮೊದಲ ಬಾರಿಗೆ ಬೀಜ ವಾಪಸ್ ಪಡೆದದ್ದು ಇಕಾರ್ಡಾ. ಆ ಬೀಜಗಳನ್ನು ಲೆಬನಾನ್ ಮತ್ತು ಮೊರಾಕ್ಕೊದಲ್ಲಿ ಮತ್ತೆ ಬಿತ್ತಿ ಬೆಳೆಸಿದರು. ಮುಖ್ಯಸ್ಥರಾಗಿ ಬರುವ ಯಾರೇ ಆದರೂ ಮೊದಲು ಕಾಯಬೇಕಾದ್ದು ಈ ಆಸ್ತಿಯನ್ನು.

12 ವರ್ಷ, ಆರು ಮುಖ

2000ದ ದಶಕದ ಕೊನೆಗೆ ದಾನಿಗಳಿಗೆ ಬೇಸರ ಬಂತು. ಕೇಂದ್ರಗಳು ಒಂದೇ ಕೆಲಸವನ್ನು ಎರಡೆರಡು ಕಡೆ ಮಾಡುತ್ತವೆ, ಒಂದೇ ದಾನಿಯ ಬಾಗಿಲಿಗೆ ಬೇರೆಬೇರೆಯಾಗಿ ಬಂದು ನಿಲ್ಲುತ್ತವೆ, ಯಾರೂ ಯಾರ ಮಾತೂ ಕೇಳುವುದಿಲ್ಲ ಎಂಬ ದೂರು. ದೂರಿನಲ್ಲಿ ಸತ್ಯವೂ ಇತ್ತು. 2010ರ ಆಸುಪಾಸಿನಲ್ಲಿ ದೊಡ್ಡ ಸುಧಾರಣೆ ಆಯಿತು. ಕೇಂದ್ರಗಳೆಲ್ಲ ಸೇರಿ ಒಂದು ಕನ್ಸಾರ್ಟಿಯಂ, ದಾನಿಗಳೆಲ್ಲ ಸೇರಿ ಒಂದು ನಿಧಿ, ಮತ್ತು ಮೊದಲ ಸಲ ಪೂರ್ಣಾವಧಿಯ ಸಿಇಒ. ಪ್ರಧಾನ ಕಚೇರಿ ಫ್ರಾನ್ಸಿನ ಮಾಂಟ್‌ಪೆಲಿಯೆಯಲ್ಲಿ.

ಅಲ್ಲಿಂದ ಪಟ್ಟಿ ನೋಡಿ. 2011ರಲ್ಲಿ ಲಾಯ್ಡ್ ಲೆ ಪೇಜ್. 2012ರಲ್ಲಿ ಫ್ರಾಂಕ್ ರೈಸ್‌ಬರ್ಮನ್. 2016ರಲ್ಲಿ ಕನ್ಸಾರ್ಟಿಯಂ ಹೋಗಿ 'ಸಿಸ್ಟಮ್ ಆರ್ಗನೈಸೇಷನ್' ಬಂತು, ಜೊತೆಗೆ ಹೊಸ ಕಾರ್ಯನಿರ್ವಾಹಕ ನಿರ್ದೇಶಕ ಎಲ್ವಿನ್ ಗ್ರೇಂಜರ್-ಜೋನ್ಸ್. 2019ರ ನವೆಂಬರ್‌ನಲ್ಲಿ ಚೀನಾದ ಚೆಂಗ್ಡುವಿನಲ್ಲಿ ನಡೆದ ಸಭೆಯಲ್ಲಿ ದಾನಿಗಳು 'ಒನ್ ಸಿಜಿಐಎಆರ್' ಯೋಜನೆಗೆ ಒಪ್ಪಿಗೆ ಕೊಟ್ಟರು. ಅದರಂತೆ 2020ರಲ್ಲಿ ಒಬ್ಬರ ಬದಲು ಮೂವರ ಆಡಳಿತ ತಂಡ ಬಂತು: ಕ್ಲಾಡಿಯಾ ಸ್ಯಾಡಾಫ್, ಕುಂದವೈ ಕದಿರೇಶನ್, ಹುವಾನ್ ಲುಕಾಸ್ ರೆಸ್ಟ್ರೆಪೊ. ಮುಂದೆ ಸ್ಯಾಡಾಫ್ ಒಬ್ಬರೇ ಚುಕ್ಕಾಣಿ ಹಿಡಿದರು, 2023ರಲ್ಲಿ ಹೊರಟರು. ಹಂಗಾಮಿಯಾಗಿ ಆಂಡ್ರ್ಯೂ ಕ್ಯಾಂಪ್‌ಬೆಲ್ ಬಂದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಎಫ್‌ಎಒದ ಮುಖ್ಯ ವಿಜ್ಞಾನಿಯಾಗಿದ್ದ ಮೊರಾಕ್ಕೊ ಮೂಲದ ಇಸ್ಮಹಾನೆ ಎಲೌಆಫಿ ಅಧಿಕಾರ ವಹಿಸಿಕೊಂಡರು.

2011ರಿಂದ 2023ರೊಳಗೆ ಐದು ಸಲ ಕೈ ಬದಲಾವಣೆ, ಮೂರು ಬಾರಿ ಸಂಸ್ಥೆಯ ರಚನೆಯೇ ಬದಲು.

ಇಂಜಿನಿಯರಿಂಗ್ ಮುಗಿಸಿದ ಮೇಲೆ ಎರಡು ವರ್ಷ ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ಪ್ರತಿ ಸಲ ಹೊಸ ವಿಪಿ ಬಂದಾಗಲೂ ಒಂದು 'ರೀ-ಆರ್ಗ್' ಆಗುತ್ತಿತ್ತು. ಹೊಸ ಚಾರ್ಟ್, ಹೊಸ ತಂಡದ ಹೆಸರು, ಹೊಸ ಸ್ಲೈಡ್. ಮೂರು ತಿಂಗಳು ಯಾರಿಗೆ ರಿಪೋರ್ಟ್ ಮಾಡಬೇಕು ಅಂತ ಹುಡುಕುವುದರಲ್ಲೇ ಕಳೆಯುತ್ತಿತ್ತು. ನಾವು ಬರೆಯುತ್ತಿದ್ದ ಕೋಡ್ ಮಾತ್ರ ಅದೇ ಹಳೆಯದು, ಅದರ ಬಗ್‌ಗಳೂ ಅವೇ. ಐಟಿಯಲ್ಲಿರುವ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ. ಸಾಫ್ಟ್‌ವೇರಿನಲ್ಲಿ ಇಂಥ ಮೂರು ತಿಂಗಳು ಹೋದರೆ ಒಂದು ರಿಲೀಸ್ ತಡವಾಗುತ್ತದೆ. ಬೀಜದ ಕೆಲಸದಲ್ಲಿ ಒಂದು ಹಂಗಾಮು ತಪ್ಪಿದರೆ ವರ್ಷವೇ ಹೋಯಿತು.

ಬೀಜದ ಗಡಿಯಾರ ಬೇರೆ

ತೊಗರಿಯನ್ನೇ ತೆಗೆದುಕೊಳ್ಳಿ. ಕಲಬುರಗಿ ಭಾಗದ ರೈತರು 'ನೆಟೆ ರೋಗ' ಅನ್ನುವುದು ಫ್ಯುಸೇರಿಯಂ ಎಂಬ ಶಿಲೀಂಧ್ರದಿಂದ ಬರುವ ಸೊರಗು ರೋಗ. ಈ ಶಿಲೀಂಧ್ರ ಮಣ್ಣಿನಲ್ಲೇ, ಹಳೆಯ ಕೂಳೆಯಲ್ಲೇ ವರ್ಷಗಟ್ಟಲೆ ಬದುಕಿರುತ್ತದೆ. ಬೇರಿನೊಳಗೆ ಹೊಕ್ಕು ಗಿಡಕ್ಕೆ ನೀರು ಹೋಗುವ ಕೊಳವೆಗಳನ್ನೇ ಕಟ್ಟಿಹಾಕುತ್ತದೆ. ಹೂ, ಕಾಯಿ ಬಿಟ್ಟು ಚೆನ್ನಾಗಿ ಕಾಣುತ್ತಿದ್ದ ಗಿಡ ನಿಂತಲ್ಲೇ ಒಣಗುತ್ತದೆ. ಔಷಧಿ ಹೊಡೆದು ಗೆಲ್ಲುವ ರೋಗ ಅಲ್ಲ ಇದು. ಗಿಡಕ್ಕೇ ತಡೆಯುವ ಶಕ್ತಿ ಇರಬೇಕು.

ಆ ಶಕ್ತಿ ಇರುವ ಗಿಡವನ್ನು ಹುಡುಕುವುದು ಹೇಗೆ? ಇಕ್ರಿಸ್ಯಾಟ್ ವಿಜ್ಞಾನಿಗಳು ಬೇಕಂತಲೇ ರೋಗಿಷ್ಟ ಹೊಲ ಮಾಡುತ್ತಾರೆ. ರೋಗದಿಂದ ಸತ್ತ ಗಿಡಗಳನ್ನು ತಂದು ಮಣ್ಣಿಗೆ ಬೆರೆಸಿ, ಬೇಗ ರೋಗಕ್ಕೆ ತುತ್ತಾಗುವ ತಳಿಯನ್ನು ಬೆಳೆದು, ಇಡೀ ಹೊಲದ ತುಂಬ ಸಮನಾಗಿ ಶಿಲೀಂಧ್ರ ಹರಡುವಂತೆ ನೋಡಿಕೊಳ್ಳುತ್ತಾರೆ. ಆಮೇಲೆ ಆ ಹೊಲದಲ್ಲಿ ನೂರಾರು ತಳಿಗಳನ್ನು ಬಿತ್ತುತ್ತಾರೆ. ಸುತ್ತ ಎಲ್ಲ ಸತ್ತರೂ ಯಾವುದು ಹಸಿರಾಗಿ ನಿಲ್ಲುತ್ತದೋ ಅದರ ಬೀಜ ಎತ್ತಿಟ್ಟುಕೊಳ್ಳುತ್ತಾರೆ. ಮುಂದಿನ ವರ್ಷ ಮತ್ತೆ ಅದೇ ಪರೀಕ್ಷೆ, ಅದರ ಮುಂದಿನ ವರ್ಷವೂ ಅದೇ. ಇಳುವರಿ ನೋಡಬೇಕು, ಬೇಳೆ ಬೇಯುತ್ತದಾ ನೋಡಬೇಕು, ಬೇರೆಬೇರೆ ಊರಿನ ಮಣ್ಣಿನಲ್ಲಿ ನೋಡಬೇಕು. ಇಂಥ ಹೊಲ ಮಾಡುವುದಕ್ಕೇ ವರ್ಷಗಳು ಬೇಕು. ಬಜೆಟ್ ಇಲ್ಲ ಅಂತ ಅರ್ಧಕ್ಕೆ ಬಿಟ್ಟರೆ ಮತ್ತೆ ಮೊದಲಿಂದ ಶುರು.

ಐಸಿಪಿ 8863 ಎಂಬ ತಳಿ ಹೀಗೆ ಹಸಿರಾಗಿ ಉಳಿದದ್ದು. 1980ರ ದಶಕದ ಮಧ್ಯದಲ್ಲಿ ಕರ್ನಾಟಕದಲ್ಲಿ ಅದು 'ಮಾರುತಿ' ಎಂಬ ಹೆಸರಿನಲ್ಲಿ ಬಿಡುಗಡೆಯಾಯಿತು. ಉತ್ತರ ಕರ್ನಾಟಕದ ತೊಗರಿ ಹೊಲಗಳಲ್ಲಿ ಊರಿಂದೂರಿಗೆ, ರೈತರ ಕೈಯಿಂದ ಕೈಗೆ ಹರಡಿತು. ಆದರೆ ಮಾರುತಿಗೆ ನೆಟೆ ತಡೆಯುವ ಶಕ್ತಿ ಇತ್ತೇ ಹೊರತು ಗೊಡ್ಡು ರೋಗ ತಡೆಯುವ ಶಕ್ತಿ ಇರಲಿಲ್ಲ. 1990ರ ದಶಕದಲ್ಲಿ ಎರಡನ್ನೂ ತಡೆಯುವ 'ಆಶಾ' ಬಂತು. ಆಮೇಲೆ ನಮ್ಮದೇ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಟಿಎಸ್-3ಆರ್, ಜಿಆರ್‌ಜಿ-811 ಬಂದವು. ಹಾಗಂತ ರೋಗ ಸುಮ್ಮನೆ ಕೂತಿಲ್ಲ. 2022-23ರ ಹಂಗಾಮಿನಲ್ಲಿ ಕಲಬುರಗಿ ಭಾಗದಲ್ಲಿ ನೆಟೆ ಮತ್ತೆ ಬಂದು ತೊಗರಿ ಒಣಗಿದಾಗ ರಾಜ್ಯ ಸರ್ಕಾರ ಪರಿಹಾರ ಘೋಷಿಸಬೇಕಾಯಿತು. ಇದೊಂದು ರಿಲೇ ಓಟ. ಕೋಲು ಕೈಗೆ ಕೊಡುವವರು ಟ್ರ್ಯಾಕ್ ಮೇಲೆ ಇರಲೇಬೇಕು.

ಇನ್ನೊಂದು ಉದಾಹರಣೆ ಧಾರವಾಡ ಜಿಲ್ಲೆಯ ಅಣ್ಣಿಗೇರಿಯದ್ದು. ಆದಿಕವಿ ಪಂಪನ ಹೆಸರಿನೊಂದಿಗೆ ನೆನಪಾಗುವ ಈ ಊರು ರೈತರಿಗೆ ಗೊತ್ತಿರುವುದು ಕಡಲೆಯಿಂದ. ಅಣ್ಣಿಗೇರಿ-1 ದಶಕಗಳಿಂದ ನಮ್ಮ ಕರಿನೆಲದ ನೆಚ್ಚಿನ ಕಡಲೆ ತಳಿ. ಅದರ ಕೊರತೆ ಒಂದೇ, ಸೊರಗು ರೋಗಕ್ಕೆ ಸೋಲುತ್ತಿತ್ತು. ರಾಯಚೂರು ಕೃಷಿ ವಿವಿ ಮತ್ತು ಇಕ್ರಿಸ್ಯಾಟ್ ವಿಜ್ಞಾನಿಗಳು ರೋಗ ತಡೆಯುವ ಇನ್ನೊಂದು ಕಡಲೆಯ ಜೊತೆ ಅದನ್ನು ಸಂಕರಿಸಿದರು. ಹುಟ್ಟಿದ ಸಂತಾನವನ್ನು ಮತ್ತೆ ಮತ್ತೆ ಅಣ್ಣಿಗೇರಿಯ ಜೊತೆಗೇ ಸಂಕರಿಸುತ್ತಾ ಹೋದರು. ಪ್ರತಿ ಹಂತದಲ್ಲೂ ಡಿಎನ್‌ಎ ಗುರುತುಗಳನ್ನು ನೋಡಿ, ರೋಗ ತಡೆಯುವ ತುಣುಕು ಉಳಿದು ಮಿಕ್ಕಿದ್ದೆಲ್ಲ ಅಣ್ಣಿಗೇರಿಯದ್ದೇ ಆಗಿರುವ ಗಿಡಗಳನ್ನು ಆರಿಸಿದರು. ನನ್ನ ಹಳೆಯ ವೃತ್ತಿಯ ಭಾಷೆಯಲ್ಲಿ ಹೇಳಬೇಕೆಂದರೆ, ಸಾಫ್ಟ್‌ವೇರ್ ಬದಲಾಯಿಸದೆ ಒಂದು ಬಗ್ ಮಾತ್ರ ಸರಿಮಾಡುವ ಪ್ಯಾಚ್. ಅದರ ಫಲವೇ 'ಸೂಪರ್ ಅಣ್ಣಿಗೇರಿ-1'.

ಸಂಕರಣದಿಂದ ಬಿಡುಗಡೆಯವರೆಗೆ ಒಂದು ತಳಿಗೆ ಸಾಮಾನ್ಯವಾಗಿ 8ರಿಂದ 12 ವರ್ಷ ಬೇಕು. ಅಂದರೆ ರೈಸ್‌ಬರ್ಮನ್ ಕಾಲದಲ್ಲಿ ಮಾಡಿದ ಒಂದು ಸಂಕರಣ ರೈತರ ಕೈಗೆ ಸಿಗುವ ಹೊತ್ತಿಗೆ ಮೇಲಿನ ಕುರ್ಚಿ ನಾಲ್ಕು ಸಲ ಬದಲಾಗಿರುತ್ತದೆ. ಪ್ರತಿ ಹೊಸ ಮುಖ್ಯಸ್ಥರಿಗೂ ಹೊಸ ಕಾರ್ಯತಂತ್ರ, ಹೊಸ ಹೆಸರಿನ ಕಾರ್ಯಕ್ರಮ ಬೇಕು. ಯಾರೋ ಶುರುಮಾಡಿದ ರೋಗಿಷ್ಟ ಹೊಲವನ್ನು ನಾನು ಇನ್ನೂ ಐದು ವರ್ಷ ನಡೆಸಿದೆ ಅಂತ ಹೇಳಿಕೊಂಡರೆ ಯಾವ ದಾನಿ ಚಪ್ಪಾಳೆ ಹೊಡೆಯುತ್ತಾನೆ?

ಅಸಲಿ ರಿಮೋಟ್ ಇರುವುದು ದುಡ್ಡಿನಲ್ಲಿ

ಹಾಗಾದರೆ ಮುಖ್ಯಸ್ಥರದ್ದೇ ತಪ್ಪಾ? ಪೂರ್ತಿ ಅಲ್ಲ. ಇಡೀ ಸಿಜಿಐಎಆರ್ ವ್ಯವಸ್ಥೆಯ ವಾರ್ಷಿಕ ವಹಿವಾಟು ಸುಮಾರು 90 ಕೋಟಿ ಡಾಲರ್ ಆಸುಪಾಸಿನದ್ದು. ಕೇಳಲು ದೊಡ್ಡದು. ಆದರೆ ಬೇಯರ್ ಎಂಬ ಒಂದೇ ಖಾಸಗಿ ಕಂಪನಿ ಬೀಜ ಮತ್ತು ಕೀಟನಾಶಕ ಸಂಶೋಧನೆಗೆ ವರ್ಷಕ್ಕೆ ಖರ್ಚು ಮಾಡುವುದು ಇದರ ಎರಡು ಪಟ್ಟಿಗೂ ಹೆಚ್ಚು.

ಈ 90 ಕೋಟಿಯೂ ಮುಖ್ಯಸ್ಥರ ಕೈಯಲ್ಲಿಲ್ಲ. ಸಿಜಿಐಎಆರ್‌ಗೆ ದುಡ್ಡು ಬರುವ ದಾರಿಗಳಿಗೆ 'ವಿಂಡೋ' ಅನ್ನುತ್ತಾರೆ. ಮೊದಲ ಕಿಂಡಿಯಲ್ಲಿ ಬಂದ ದುಡ್ಡನ್ನು ಇಡೀ ವ್ಯವಸ್ಥೆ ತನ್ನ ಆದ್ಯತೆಯಂತೆ ಬಳಸಬಹುದು. ಎರಡನೆಯದರಲ್ಲಿ ಬಂದದ್ದು ನಿರ್ದಿಷ್ಟ ಕಾರ್ಯಕ್ರಮಕ್ಕೆ. ಮೂರನೆಯದರಲ್ಲಿ ದಾನಿ ನೇರವಾಗಿ ತನಗೆ ಬೇಕಾದ ಕೇಂದ್ರಕ್ಕೆ ಕೊಡುತ್ತಾನೆ. ಇದಲ್ಲದೆ ಕಿಂಡಿಗಳ ಹೊರಗೇ, ದಾನಿ ಮತ್ತು ಕೇಂದ್ರದ ನಡುವೆ ನೇರ ಒಪ್ಪಂದಗಳಿವೆ. ಸಮಸ್ಯೆ ಏನಂದ್ರೆ, ಕೈಕಟ್ಟಿಲ್ಲದ ದುಡ್ಡಿಗಿಂತ 'ಇದಕ್ಕೇ ಖರ್ಚು ಮಾಡು' ಎಂಬ ಷರತ್ತಿನ ದುಡ್ಡೇ ಹೆಚ್ಚು. ಜೀನ್ ಬ್ಯಾಂಕಿನ ಕರೆಂಟ್ ಬಿಲ್ ಕಟ್ಟಲು ಯಾರಿಗೂ ಉತ್ಸಾಹವಿಲ್ಲ. ಫೋಟೊ ತೆಗೆಸಿಕೊಳ್ಳಬಹುದಾದ ಮೂರು ವರ್ಷದ ಯೋಜನೆಗೆ ಎಲ್ಲರೂ ಮುಂದೆ.

ಈ ಅವಲಂಬನೆ ಎಷ್ಟು ಅಪಾಯಕಾರಿ ಅಂತ 2025 ತೋರಿಸಿಕೊಟ್ಟಿತು. ಅಲ್ಲಿಯವರೆಗೆ ಅಮೆರಿಕ ಮತ್ತು ಗೇಟ್ಸ್ ಪ್ರತಿಷ್ಠಾನ ಸಿಜಿಐಎಆರ್‌ನ ಅತಿದೊಡ್ಡ ದಾನಿಗಳ ಸಾಲಿನಲ್ಲಿದ್ದವು. ಜನವರಿ 20ರಂದು ಡೊನಾಲ್ಡ್ ಟ್ರಂಪ್ ವಿದೇಶಿ ನೆರವನ್ನು ತಡೆಹಿಡಿದರು. ಜುಲೈ 1ರ ಹೊತ್ತಿಗೆ ಯುಎಸ್‌ಏಡ್ ಎಂಬ ಸಂಸ್ಥೆಯೇ ಬಾಗಿಲು ಮುಚ್ಚಿತು. ಆ ದುಡ್ಡನ್ನು ಹೆಚ್ಚು ನಂಬಿಕೊಂಡಿದ್ದ ಸಿಮ್ಮಿಟ್‌ನಂಥ ಕೇಂದ್ರಗಳಿಗೆ ಜೋರಾಗಿಯೇ ಏಟು ಬಿತ್ತು. ಬ್ರಿಟನ್ ಕೂಡ ತನ್ನ ವಿದೇಶಿ ನೆರವನ್ನು 2027ರ ವೇಳೆಗೆ ರಾಷ್ಟ್ರೀಯ ಆದಾಯದ ಶೇ 0.3ಕ್ಕೆ ಇಳಿಸುವುದಾಗಿ ಘೋಷಿಸಿದೆ. ವಾಷಿಂಗ್ಟನ್‌ನಲ್ಲಿ ಒಬ್ಬ ಮನುಷ್ಯ ಹಾಕಿದ ಸಹಿಗೆ ಮೆಕ್ಸಿಕೊದ ಪ್ರಯೋಗಾಲಯವೂ ಆಫ್ರಿಕಾದ ಮೆಕ್ಕೆಜೋಳದ ಹೊಲವೂ ನಡುಗುತ್ತವೆ ಅಂದರೆ, ಈ ಒಕ್ಕೂಟದ ನಿಜವಾದ ನಾಯಕರು ಯಾರು?

ಒಂದಾಗುವುದು ಒಳ್ಳೇದಾ, ಕೆಟ್ಟದ್ದಾ?

'ಒನ್ ಸಿಜಿಐಎಆರ್' ಪರ ಇರುವವರ ವಾದವನ್ನು ನ್ಯಾಯವಾಗಿ ಕೇಳಬೇಕು. ಹವಾಮಾನ ಬದಲಾವಣೆ ಭತ್ತ, ಗೋಧಿ, ನೀರು, ದನಕರು ಅಂತ ಬೇರೆಬೇರೆಯಾಗಿ ಬರುವುದಿಲ್ಲ. ಪ್ರತಿ ಕೇಂದ್ರಕ್ಕೂ ಬೇರೆ ಲೆಕ್ಕಪತ್ರ, ಬೇರೆ ಮಾನವ ಸಂಪನ್ಮೂಲ ವಿಭಾಗ, ಬೇರೆ ದತ್ತಾಂಶ ವ್ಯವಸ್ಥೆ ಇಟ್ಟುಕೊಳ್ಳುವುದು ದಂಡ. ಒಟ್ಟಾಗಿ ಕೇಳಿದರೆ ದಾನಿಗಳ ಎದುರು ಚೌಕಾಸಿ ಮಾಡುವ ಶಕ್ತಿಯೂ ಹೆಚ್ಚು. ಇದೆಲ್ಲ ನಿಜ.

ಎದುರು ವಾದವೂ ಅಷ್ಟೇ ಗಟ್ಟಿ. 2020ರ ಜುಲೈನಲ್ಲಿ ಐಪಿಇಎಸ್-ಫುಡ್ ಎಂಬ ಸ್ವತಂತ್ರ ತಜ್ಞರ ತಂಡ ಒಂದು ಬಹಿರಂಗ ಪತ್ರ ಬರೆಯಿತು. ಈ ಸುಧಾರಣೆ ಮೇಲಿನಿಂದ ಹೇರಿದ್ದು, ಯಾರ ಹೆಸರಿನಲ್ಲಿ ಸಂಶೋಧನೆ ನಡೆಯುತ್ತದೋ ಆ ದೇಶಗಳ ರೈತರಿಗೂ ವಿಜ್ಞಾನಿಗಳಿಗೂ ಇದರಲ್ಲಿ ದನಿಯಿಲ್ಲ, ದಾನಿಗಳ ಹಿಡಿತ ಇನ್ನಷ್ಟು ಬಿಗಿಯಾಗುತ್ತದೆ ಎಂಬುದು ಅದರ ಆಕ್ಷೇಪ. ಕೇಂದ್ರಗಳು ಕೂಡ ಒಂದೇ ವೇಗದಲ್ಲಿ ಒಪ್ಪಲಿಲ್ಲ. ಆತಿಥೇಯ ದೇಶದ ಜೊತೆ ತಮ್ಮದೇ ಒಪ್ಪಂದ, ತಮ್ಮದೇ ಮಂಡಳಿ ಇರುವಾಗ ಅಧಿಕಾರವನ್ನು ಮಾಂಟ್‌ಪೆಲಿಯೆಗೆ ಯಾಕೆ ಬಿಟ್ಟುಕೊಡಬೇಕು ಎಂಬ ಪ್ರಶ್ನೆ ಸಹಜವೇ.

ನನ್ನ ಅಭಿಪ್ರಾಯ ಹೇಳಬೇಕೆಂದರೆ, ಲೆಕ್ಕಪತ್ರ ಒಂದಾಗಲಿ, ಹೊಲ ಒಂದಾಗುವುದು ಬೇಡ. ಕಚೇರಿಯ ಕೆಲಸ ಕೇಂದ್ರೀಕರಿಸಿದರೆ ಹಣ ಉಳಿಯಬಹುದು. ಆದರೆ ಯಾವ ರೋಗದ ಹಿಂದೆ ಹತ್ತು ವರ್ಷ ಓಡಬೇಕು ಎಂಬ ತೀರ್ಮಾನ ಆ ರೋಗ ಇರುವ ನೆಲಕ್ಕೆ ಹತ್ತಿರ ಇರಬೇಕು.

ಭಾರತ ಬರೀ ನೋಡುಗನಲ್ಲ

ಈ ಒಕ್ಕೂಟದಲ್ಲಿ ನಮ್ಮದು ಮೂರು ಪಾತ್ರ. ನಾವು ಆತಿಥೇಯರು, ದಾನಿಗಳು, ಫಲಾನುಭವಿಗಳು ಕೂಡ. ಎಂ.ಎಸ್. ಸ್ವಾಮಿನಾಥನ್ 1982ರಿಂದ 1988ರವರೆಗೆ ಇರ್ರಿಯ ಮಹಾನಿರ್ದೇಶಕರಾಗಿದ್ದರು. ಕರ್ನಾಟಕ ಸರ್ಕಾರವೇ 2009ರಲ್ಲಿ ಇಕ್ರಿಸ್ಯಾಟ್ ಜೊತೆ ಸೇರಿ 'ಭೂಚೇತನ' ಶುರುಮಾಡಿತು. ಆರು ಜಿಲ್ಲೆಗಳಿಂದ ಆರಂಭವಾಗಿ ಆಮೇಲೆ ರಾಜ್ಯವೆಲ್ಲ ಹಬ್ಬಿತು. ನಮ್ಮ ಮಳೆಯಾಶ್ರಿತ ಹೊಲಗಳ ಮಣ್ಣಿನಲ್ಲಿ ಸತು, ಬೋರಾನ್, ಗಂಧಕದ ಕೊರತೆ ಇದೆ ಎಂದು ಪರೀಕ್ಷೆ ಮಾಡಿ ತೋರಿಸಿದ್ದು, ಅದನ್ನು ಸರಿಪಡಿಸಿದರೆ ಇಳುವರಿ ಏರುತ್ತದೆ ಎಂದು ರೈತರ ಹೊಲದಲ್ಲೇ ಸಾಬೀತು ಮಾಡಿದ್ದು ಆ ಯೋಜನೆ. ಅಂತರರಾಷ್ಟ್ರೀಯ ಅನ್ನುವ ಪದ ಇಲ್ಲಿ ರೈತ ಸಂಪರ್ಕ ಕೇಂದ್ರದ ಬಾಗಿಲಿಗೇ ಬಂದಿತ್ತು.

ಈಗ ಐಸಿಎಆರ್‌ನಿಂದ ಹೋದವರು ಇಕ್ರಿಸ್ಯಾಟ್‌ನಲ್ಲಿ, ಇಕ್ರಿಸ್ಯಾಟ್‌ನಿಂದ ಬಂದವರು ಐಸಿಎಆರ್‌ನಲ್ಲಿ. ಇದರಲ್ಲಿ ಅವಕಾಶವೂ ಇದೆ, ಎಚ್ಚರ ತಪ್ಪಬಾರದ ಸಂಗತಿಯೂ ಇದೆ. ಎರಡೂ ಕಡೆಯ ಒಳಹೊರಗು ಬಲ್ಲವರಿರುವಾಗ ರಾಯಚೂರು, ಧಾರವಾಡದ ವಿಜ್ಞಾನಿಗಳಿಗೆ ಕೆಲಸ ಸಲೀಸಾಗಬಹುದು. ಆದರೆ ಇಕ್ರಿಸ್ಯಾಟ್ ಭಾರತಕ್ಕೆ ಮಾತ್ರ ಸೇರಿದ್ದಲ್ಲ. ಮಾಲಿ, ನೈಜರ್, ಕೀನ್ಯಾದ ಒಣಭೂಮಿಯ ರೈತರೂ ಅದರ ಪಾಲುದಾರರು. ನಮ್ಮ ರಾಗಿಯ ಚರಿತ್ರೆಯೇ ಇದಕ್ಕೆ ಸಾಕ್ಷಿ. ಮಂಡ್ಯದ ವಿ.ಸಿ. ಫಾರಂನಲ್ಲಿ 'ರಾಗಿ ಲಕ್ಷ್ಮಣಯ್ಯ' ಅವರು ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯ ಜೊತೆ ಸಂಕರಿಸಿ 'ಇಂಡಾಫ್' ತಳಿಗಳನ್ನು ತಂದರು. ಇಂಡಿಯಾ ಮತ್ತು ಆಫ್ರಿಕಾ ಸೇರಿದ್ದಕ್ಕೇ ಆ ಹೆಸರು. ಅದು ಸಿಜಿಐಎಆರ್ ಕೆಲಸವಲ್ಲ, ನಮ್ಮವರದ್ದೇ. ಆದರೆ ಬೀಜ ಗಡಿ ದಾಟಿ ಬರದಿದ್ದರೆ ನಮ್ಮ ಮುದ್ದೆ ಇಷ್ಟು ದೊಡ್ಡದಾಗುತ್ತಿರಲಿಲ್ಲ. ಹಾಗೆ ಗಡಿ ದಾಟುವ ದಾರಿ ಎಲ್ಲರಿಗೂ ತೆರೆದಿರಲಿ ಅಂತಲೇ ಈ ಒಕ್ಕೂಟ ಇರಬೇಕಾದ್ದು.

ಮುಂದಿನ ಸಲ ಕೇಳಬೇಕಾದ ಪ್ರಶ್ನೆಗಳು

ಮುಂದೊಂದು ದಿನ ಸಿಜಿಐಎಆರ್‌ಗೋ ಇಕ್ರಿಸ್ಯಾಟ್‌ಗೋ ಹೊಸ ಮುಖ್ಯಸ್ಥರು ಎಂಬ ಸುದ್ದಿ ಬರುತ್ತದೆ. ಯಾವ ದೇಶದವರು, ಗಂಡಸಾ ಹೆಂಗಸಾ, ಯಾವ ವಿಶ್ವವಿದ್ಯಾಲಯದ ಪದವಿ ಎಂಬ ವಿವರಗಳು ಪ್ರಕಟಣೆಯಲ್ಲೇ ಇರುತ್ತವೆ. ನಾವು ಕೇಳಬೇಕಾದ್ದು ಬೇರೆ.

ಒಂದು, ಹಿಂದಿನವರು ಶುರುಮಾಡಿದ ಯಾವ ದೀರ್ಘಕಾಲದ ತಳಿ ಕಾರ್ಯಕ್ರಮಗಳನ್ನು ಇವರು ಮುಟ್ಟದೆ ಮುಂದುವರಿಸುತ್ತಾರೆ? ಎರಡು, ಷರತ್ತಿಲ್ಲದ ದುಡ್ಡಿನ ಪಾಲನ್ನು ಎಷ್ಟಕ್ಕೆ ಏರಿಸುತ್ತಾರೆ, ಯಾವ ದೇಶಗಳಿಂದ? ಮೂರು, ಜೀನ್ ಬ್ಯಾಂಕ್ ಮತ್ತು ಅದರಿಂದ ತೆಗೆದ ಡಿಎನ್‌ಎ ಮಾಹಿತಿ ಸಾರ್ವಜನಿಕವಾಗಿಯೇ ಉಳಿಯುತ್ತದಾ? ಬೀಜಕ್ಕೆ ಬೀಗ ಹಾಕದೆಯೂ ಡೇಟಾಕ್ಕೆ ಬೀಗ ಹಾಕಬಹುದಾದ ಕಾಲ ಇದು. ನಾಲ್ಕು, ಇವರನ್ನು ಆರಿಸಿದವರಲ್ಲಿ ಒಬ್ಬ ರೈತ ಪ್ರತಿನಿಧಿಯಾದರೂ ಇದ್ದರಾ?

ಮುಖ್ಯಸ್ಥರು ಮೂರು ವರ್ಷಕ್ಕೊಮ್ಮೆ ಬದಲಾಗಲಿ, ತೊಂದರೆಯಿಲ್ಲ. ಅವರ ಜೊತೆಗೇ ಹತ್ತು ವರ್ಷದ ಕೆಲಸವೂ ಬದಲಾಗುವುದು ತೊಂದರೆ. ಎಲ್ಲೋ ಪಟಾನ್‌ಚೆರುವಿನ ಒಂದು ರೋಗಿಷ್ಟ ಹೊಲದಲ್ಲಿ, ಸುತ್ತ ಒಣಗಿ ನಿಂತ ಗಿಡಗಳ ನಡುವೆ, 2035ರ ಹೊತ್ತಿಗೆ ಕಲಬುರಗಿಗೆ ಬೇಕಾಗುವ ತೊಗರಿಯ ಗಿಡವೊಂದು ಈಗ ಹಸಿರಾಗಿ ನಿಂತಿರಬಹುದು. ಮುಂದಿನ ವರ್ಷ ಅದರ ಬೀಜವನ್ನು ಮತ್ತೆ ಬಿತ್ತಲು ಅಲ್ಲಿ ಯಾರಾದರೂ ಇರುತ್ತಾರಾ ಎನ್ನುವುದೇ ಪ್ರಶ್ನೆ.